ಗೋಪುರವೇರಿದ ಕರಿಬೇವು

ಮಣ್ಣಿಲ್ಲದ ಬೇಸಾಯ ನನ್ನಂಥವನಿಗೆ ಹೇಳಿ ಮಾಡಿಸಿದ ಕೆಲಸವೆಂದು ಲಾಕ್‌ಡೌನಿನ ಚಳಿಗಾಲದಲ್ಲಿ ನನಗೆ ಜ್ಞಾನೋದಯವಾಯಿತು. ಕೈ ಕೊಳೆಯಾಗುವುದಿಲ್ಲ, ಬೆನ್ನು ಬಗ್ಗಿಸಬೇಕಿಲ್ಲ. ಡಚ್ಚರ ನಾಡಿನ ವೂರ್‌ಬರ್ಗ್ ಊರಿನ ನಮ್ಮ ಫ್ಲ್ಯಾಟಿನಲ್ಲಿ ನಾನು ಆಫೀಸು ಮಾಡಿಕೊಂಡಿದ್ದ ಕೋಣೆಯೊಳಗೆ ಆಳೆತ್ತರದ ಪ್ಲಾಸ್ಟಿಕ್ ಗೋಪುರ ಎದ್ದು ನಿಂತಿತು. ಕೆಳಗೆ ನೀರಿನ ತೊಟ್ಟಿ, ಅದರೊಳಗೆ ಪಂಪು, ಮೈತುಂಬ ಗಿಡ ಕೂರಿಸುವ ತೂತುಗಳು. ಲೆಟ್ಯೂಸ್ ಸೊಗಸಾಗಿ ಬಂತು. ಅಲ್ಲಿಗೇ ನಿಲ್ಲಿಸಬಹುದಿತ್ತು!

ನನ್ನ ಕಣ್ಣು ಹೆಂಡತಿ ಸುಮಂಗಲಾಳ ಕರಿಬೇವಿನ ಮೇಲೆ ಬಿತ್ತು. ಡೆಲ್ಫ್ಟ್‌ನ ಗೆಳತಿ ಕೊಟ್ಟ ಸಸಿಗೆ ಚಳಿಯಲ್ಲಿ ನನ್ನ ಮಫ್ಲರ್ ಸುತ್ತಿ, ಹೀಟರಿನ ಪಕ್ಕದಲ್ಲಿಟ್ಟು ಕೂಸಿನಂತೆ ಸಾಕಿದ್ದಳು. ಒಗ್ಗರಣೆಗೆ ಎರಡೆಲೆ ಕಿತ್ತರೂ ಅದರ ಕ್ಷಮೆ ಕೇಳುತ್ತಿದ್ದಳು. ಅಂಥ ಗಿಡದ ಬೇರನ್ನು ನಲ್ಲಿಯಡಿ ಹಿಡಿದು, ಮಣ್ಣೆಲ್ಲ ತೊಳೆದು ಗೋಪುರಕ್ಕೇರಿಸಿದೆ.

"ನನ್ನ ಗಿಡಕ್ಕ ಏನರ ಆತಂದ್ರ ನೋಡ್ರಿ ಮತ್ತ," ಎಂದಳು. ಧಾರವಾಡದವಳು. ಆ ಕೊನೆಯ ಎರಡು ಪದಗಳ ತೂಕ ಕಟ್ಟಿಕೊಂಡವನಿಗೇ ಗೊತ್ತು.

ವಾರದೊಳಗೆ ಎಲೆ ಜೋಲುಬಿದ್ದಿತು. ಗಾಬರಿಯಾಗಿ ಮೈಸೂರಿನಲ್ಲಿರುವ ಅಮ್ಮನಿಗೆ ವಿಡಿಯೋ ಕರೆ ಮಾಡಿದೆ. ಕರಿಬೇವಿಗೆ ಹುಳಿ ಮಜ್ಜಿಗೆ ಹುಯ್ದರೆ ತಾನಾಗಿ ಚಿಗುರುತ್ತದೆ ಎಂದರು. ಅವರು ಹೇಳಿದ್ದು ಮಣ್ಣಿನಲ್ಲಿರುವ ಗಿಡಕ್ಕೆ. ಆ ಗಳಿಗೆಯಲ್ಲಿ ನನಗದು ಹೊಳೆಯಲೇ ಇಲ್ಲ! ಅಂಗಡಿಯಿಂದ ಡಚ್ಚರ ಮಜ್ಜಿಗೆಯಾದ ಕಾರ್ನಮೆಲ್ಕ್ ತಂದು, ಇದ್ದಷ್ಟೂ ಪ್ಯಾಕೆಟ್ಟುಗಳನ್ನು ತೊಟ್ಟಿಗೆ ಸುರಿದೆ. ಪಂಪು ಗೊರಗೊರ ಎನ್ನುತ್ತ ಗೋಪುರಕ್ಕೆ ಸಾಂಗವಾಗಿ ಅಭಿಷೇಕ ನೆರವೇರಿಸಿ, ಪ್ರಾಣ ಬಿಟ್ಟಿತು.

ಕೆಲವು ದಿನಗಳಲ್ಲಿ ಮಗಳು ಮೂಗು ಮುಚ್ಚಿಕೊಂಡು ಓಡಾಡತೊಡಗಿದಳು. ಮೇಲಿನ ಮನೆಯ ಡಚ್ ಅಜ್ಜಿ ಮಾಸ್ಕಿನ ಮೇಲೆ ಮಾಸ್ಕು ಹಾಕಿಕೊಂಡು ಬಂದು, ದೂರ ನಿಂತು, ನಿಮ್ಮಲ್ಲಿ ಏನಾದರೂ ಸತ್ತಿದೆಯೇ ಎಂದು ವಿನಯದಿಂದ ವಿಚಾರಿಸಿದರು. ನಾನು ಗೋಪುರಕ್ಕೆ ಮೂಗು ತಾಗಿಸಿ ದೀರ್ಘವಾಗಿ ಉಸಿರೆಳೆದೆ. ವಾಸನೆಯೇ ಇಲ್ಲ! ಇವರಿಗೆಲ್ಲ ಹೊಸ ತಂತ್ರಜ್ಞಾನ ಕಂಡರೆ ಹೊಟ್ಟೆಯುರಿ ಎಂದು ತೀರ್ಮಾನಿಸಿದೆ.

ಸುಮಂಗಲಾ ನನ್ನ ಮುಖವನ್ನೇ ನೋಡಿದಳು. "ನಿಮಗ ಖರೇನ ವಾಸನಿ ಬರವಲ್ದೇನ್ರಿ?"

ಪರೀಕ್ಷೆ ಮಾಡಿಸಿದರೆ ಕೊರೊನಾ ಪಾಸಿಟಿವ್. ಜ್ವರವಿಲ್ಲ, ಕೆಮ್ಮಿಲ್ಲ, ಮೂಗೊಂದು ರಜೆ ಹಾಕಿತ್ತು. ನನ್ನನ್ನು ಕೂಡಿಹಾಕಲು ಇದ್ದದ್ದು ಅದೇ ಕೋಣೆ. ಹೇಗೂ ವಾಸನೆ ಬರುವುದಿಲ್ಲವಲ್ಲ ಎಂದು ಗೋಪುರವನ್ನೂ ಜೊತೆಗೇ ಬಿಟ್ಟರು, ಉಜ್ಜಿ ತೊಳೆಯಲು. ಸುಮಂಗಲಾ ಕರಿಬೇವನ್ನು ಮಾತ್ರ ಎತ್ತಿಕೊಂಡು ಹೋಗಿ, ಕುಂಡದಲ್ಲಿ ಮಣ್ಣು ತುಂಬಿ ನೆಟ್ಟು, ಹಾಲ್‌ನ ಬಿಸಿಲು ಬೀಳುವ ಕಿಟಕಿಯಲ್ಲಿ ಕೂರಿಸಿದಳು.

ಒಂದು ಸಂಜೆ ಅಮ್ಮನ ಕರೆ ಬಂತು. ನಾನು ಒಳಗಿನಿಂದ ಬಾಗಿಲಿಗೆ ಕಿವಿಯಿಟ್ಟೆ. ಅಮ್ಮ ಗದ್ಗದ ದನಿಯಲ್ಲಿ ಮೊದಲು ಗಿಡದ ಆರೋಗ್ಯ ವಿಚಾರಿಸಿದರು.

"ಎರಡು ಚಿಗುರು ಬಂದಾವ್ರಿ, ಅತ್ತಿ," ಎಂದಳು ಸುಮಂಗಲಾ.

"ಸದ್ಯ, ಜೀವ ಉಳೀತಲ್ಲ," ಎಂದು ಅಮ್ಮ ನಿಟ್ಟುಸಿರು ಬಿಟ್ಟರು.

ಇನ್ನು ನನ್ನ ಸರದಿಯೆಂದು, ಬಾರದ ಕೆಮ್ಮನ್ನು ಬರಿಸಿಕೊಂಡು ಜೋರಾಗಿ ಕೆಮ್ಮಿದೆ. ಅಷ್ಟರಲ್ಲಿ ಕರೆ ಮುಗಿದಿತ್ತು.