ಫ್ರಿಜ್ಜಿನ ಮುಂದೆ ಸಿಂಹ

ನಮ್ಮ ಭಾವನ ಬಾಯಿಗೆ ಹಾಕುವ ಬೀಗವನ್ನು ದೇವರು ಇನ್ನೂ ಮಾಡಿಸಿಲ್ಲ. ನಾದಿನಿ ಎಂಬ ಸಲುಗೆಯಿಂದ ನಾನು ಹೀಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಅನುಮಾನವಿದ್ದರೆ ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್ನಿನಲ್ಲಿ ಅವರ ಬೀದಿಯವರನ್ನು ಯಾರನ್ನಾದರೂ ಕೇಳಿ ನೋಡಿ. ಭಾವ ಜಗಳಗಂಟರಲ್ಲ, ಚಾಡಿ ಹೇಳುವವರಲ್ಲ, ರಾಜಕೀಯ ತೆಗೆದು ತಲೆ ತಿನ್ನುವವರೂ ಅಲ್ಲ. ಅವರ ರೋಗವೇ ಬೇರೆ. ಕಣ್ಣಿಗೆ ಬಿದ್ದದ್ದೆಲ್ಲ ಬಾಯಿಂದ ಹೊರಗೆ ಬರಬೇಕು. ಕಾಮೆಂಟ್ರಿ!

ಅವರ ಕಾರಿನಲ್ಲಿ ಸಾಂಟಾ ಕ್ಲಾರಾಕ್ಕೆ ಗ್ರೋಸರಿ ತರಲು ಹೋಗುವುದೆಂದರೆ ಕಣ್ಣು ಮುಚ್ಚಿಕೊಂಡು ಹೋಗಬಹುದು. “ಎಡಗಡೆ ಹಳದಿ ಟ್ರಕ್ಕು ಬಂತು. ಮುಂದಿರೋನು ಇಂಡಿಕೇಟರ್ ಹಾಕದೇ ನುಗ್ಗಿದ ನೋಡು. ಅಲ್ಲೊಬ್ಬ ಕಾರಿನ ತಲೆ ಮೇಲೆ ಸೋಫಾ ಕಟ್ಕೊಂಡು ಹೋಗ್ತಿದ್ದಾನೆ, ಹಗ್ಗ ಸಡಿಲ ಆಗಿದೆ, ಈಗ ಬೀಳುತ್ತೆ, ಈಗ ಬೀಳುತ್ತೆ... ಬೀಳಲಿಲ್ಲ.” ಸೋಫಾ ಬೀಳಲಿಲ್ಲವಲ್ಲ ಎಂಬ ಬೇಸರ ಮುಂದಿನ ಎಕ್ಸಿಟ್ಟಿನವರೆಗೂ ಇರುತ್ತದೆ. ಮಗಳ ಸ್ಕೂಲಿನ ನಾಟಕಕ್ಕೆ ಹೋದಾಗಲೂ ಹೀಗೇ ಆಯಿತು. “ಪರದೆ ಮೇಲೆ ಹೋಯ್ತು. ರಾಜ ಬಂದ. ಕಿರೀಟ ದೊಡ್ಡದಾಯ್ತು, ಕಣ್ಣಿಗೆ ಇಳೀತಿದೆ...” ವೇದಿಕೆಯ ಮೇಲಿದ್ದ ಆ ರಾಜ ಕಿರೀಟವನ್ನು ಹಿಂದಕ್ಕೆ ತಳ್ಳಿಕೊಂಡು ಇವರತ್ತಲೇ ನೋಡಿದನಂತೆ! ಮನೆಗೆ ಬಂದ ಮೇಲೆ ಮಗಳು ಹೇಳಿದ್ದು ಇಷ್ಟೇ: “ಅಪ್ಪಾ, ವೀ ಕ್ಯಾನ್ ಆಲ್ ಸೀ!”

ನಮ್ಮಕ್ಕ ಮಾತ್ರ ಮೂವತ್ತು ವರ್ಷದಿಂದ ಇದಕ್ಕೆಲ್ಲ ಒಂದೇ ಉತ್ತರ ಇಟ್ಟುಕೊಂಡಿದ್ದಳು. “ನನಗೂ ಕಣ್ಣಿದೆ ರೀ, ಕಾಣಿಸುತ್ತೆ!”

ದಿನಕ್ಕೆ ಹತ್ತು ಸಲ ಈ ಮಾತು ಆ ಮನೆಯಲ್ಲಿ ಕೇಳುತ್ತಿತ್ತು. ಎರಡು ವರ್ಷದ ಹಿಂದೆ ಅದು ನಿಂತುಹೋಯಿತು. ಅಕ್ಕನಿಗೆ ನೋಟ ಸುತ್ತಲಿಂದ ಕಿರಿದಾಗುತ್ತಾ ಬರುವ ಕಣ್ಣಿನ ಕಾಯಿಲೆ. ನೇರ ಎದುರಿಗೆ ಇದ್ದದ್ದು ಕಾಣುತ್ತದೆ, ಪಕ್ಕದಲ್ಲಿರುವುದು ಕಾಣುವುದಿಲ್ಲ. ಬಾಗಿಲ ಸಂದಿಯಿಂದ ಲೋಕ ನೋಡಿದ ಹಾಗೆ, ಆ ಸಂದಿಯೂ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದೆ ಅಂದಳು. ಮೊದಲು ಫ್ರೀವೇಯಲ್ಲಿ ಕಾರು ಓಡಿಸುವುದನ್ನು ಬಿಟ್ಟಳು, ಆಮೇಲೆ ಕಾರನ್ನೇ ಬಿಟ್ಟಳು. ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ: “ನೋಡಬೇಕು ಅಂದುಕೊಂಡದ್ದು ಏನಾದರೂ ಇದ್ದರೆ, ಮುಂದಕ್ಕೆ ಹಾಕಬೇಡಿ.”

ಭಾವ ಅದನ್ನು ಹಾಗೇ ಮನಸ್ಸಿಗೆ ತೆಗೆದುಕೊಂಡರು. ಆ ಸಂಜೆಯೇ ಅಕ್ಕನನ್ನು ಕೂರಿಸಿಕೊಂಡು ಕೇಳಿದರು. “ಏನು ನೋಡ್ಬೇಕು ಹೇಳು.” ಅಕ್ಕ ಯೋಚನೆ ಮಾಡಿ ಎರಡು ಹೇಳಿದಳು. ಒಂದು, ಬೇಲಿ ಇಲ್ಲದ ಕಡೆ ಓಡಾಡುವ ಸಿಂಹ. ಇನ್ನೊಂದು, ನೀರಿರುವ ಜಲಪಾತ.

ನೀರಿರುವ ಅಂತ ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ಮದುವೆಯಾದ ಹೊಸದರಲ್ಲಿ ಭಾವ ಅವಳನ್ನು ಮಂಡ್ಯದಿಂದ ಸ್ಕೂಟರಿನಲ್ಲಿ ಕೂರಿಸಿಕೊಂಡು ಭರಚುಕ್ಕಿ ತೋರಿಸಲು ಹೋಗಿದ್ದರು. ಏಪ್ರಿಲ್ ತಿಂಗಳ ಉರಿಬಿಸಿಲು. ಅಲ್ಲಿ ನೋಡಿದರೆ ಬರೀ ಬಂಡೆ, ಬಂಡೆಯ ಮೇಲೆ ನಾಲ್ಕು ಆಡು. ಬೇರೆ ಗಂಡಸಾಗಿದ್ದರೆ ತಲೆ ತಗ್ಗಿಸಿಕೊಂಡು ವಾಪಸ್ ಬರುತ್ತಿದ್ದ. ನಮ್ಮ ಭಾವ ಬಿಟ್ಟಾರೆಯೇ? “ಇಲ್ಲಿಂದ ನೀರು ಧುಮುಕುತ್ತೆ ನೋಡು, ಅಲ್ಲಿ ಹಾಲಿನ ಥರ ನೊರೆ, ಆ ಆಡು ನಿಂತಿದೆಯಲ್ಲ, ಅಷ್ಟು ಎತ್ತರಕ್ಕೆ ತುಂತುರು ಹಾರುತ್ತೆ!” ಎಂದು ಅರ್ಧ ಗಂಟೆ ಇಲ್ಲದ ನೀರಿಗೆ ಕಾಮೆಂಟ್ರಿ ಕೊಟ್ಟರಂತೆ!

ಹೀಗಾಗಿ ಆಫ್ರಿಕಾದ ದಕ್ಷಿಣ ಭಾಗಕ್ಕೆ ಎಂಟು ಜನರ ಸಣ್ಣ ಗುಂಪಿನ ಐಷಾರಾಮಿ ಪ್ರವಾಸವೊಂದನ್ನು ಹಿಡಿದರು. ಬೋಟ್ಸ್ವಾನಾದಲ್ಲಿ ಸಫಾರಿ, ಜಿಂಬಾಬ್ವೆಯಲ್ಲಿ ವಿಕ್ಟೋರಿಯಾ ಜಲಪಾತ. “ನೀನೂ ಬಾರೇ. ಹತ್ತು ದಿನ ಇವರ ಕಾಮೆಂಟ್ರಿ ಕೇಳೋಕೆ ನನಗೊಬ್ಬಳಿಗೇ ಆಗಲ್ಲ” ಎಂದು ಅಕ್ಕ ಪಕ್ಕದ ಊರು ಹೇವರ್ಡಿನಲ್ಲಿದ್ದ ನನ್ನನ್ನೂ ಎಳೆದಳು.

ಬುಕ್ ಮಾಡುವಾಗ ಟೂರಿನ ಹುಡುಗಿ ಫೋನಿನಲ್ಲಿ ಸೆಪ್ಟೆಂಬರಿಗೆ ಬನ್ನಿ ಎಂದಳು. ಭಾವ ಕೇಳಿದ್ದು ಒಂದೇ ಪ್ರಶ್ನೆ. “ಯಾವ ತಿಂಗಳಲ್ಲಿ ನೀರು ಜಾಸ್ತಿ?” ಏಪ್ರಿಲ್ ಎಂದಳು. “ಆದರೆ ಸರ್, ಏಪ್ರಿಲ್‌ನಲ್ಲಿ...” ಎಂದು ಏನೋ ಹೇಳಲು ಹೊರಟಳು. ಭಾವ ಅವಳ ಮಾತನ್ನು ಮುಗಿಸಲು ಬಿಡಲಿಲ್ಲ. “ನೋಡಮ್ಮಾ, ನಾವು ಮಂಡ್ಯದವರು. ಕೆ.ಆರ್.ಎಸ್. ತುಂಬಿ ಗೇಟು ತೆಗೆದ ಮೇಲೇ ಫಾಲ್ಸ್ ನೋಡಬೇಕು ಅನ್ನೋದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಸಲ ಮೋಸ ಹೋಗಿದ್ದೀನಿ, ಸಾಕು!” ಇಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದರು. ಕೆ.ಆರ್.ಎಸ್. ಅಂದರೆ ಏನೆಂದು ಪಾಪ ಆ ಹುಡುಗಿಗೆ ಹೇಗೆ ಗೊತ್ತಾಗಬೇಕು? ಏಪ್ರಿಲ್‌ಗೇ ಟಿಕೆಟ್ ಆಯಿತು.

ಸಫಾರಿ ಕ್ಯಾಂಪಿಗೆ ಹೋಗುವುದು ಪುಟ್ಟ ವಿಮಾನದಲ್ಲಿ. ತಲೆಗೆ ಹದಿನೈದು ಕಿಲೋ ಸಾಮಾನು, ಅದಕ್ಕಿಂತ ಒಂದು ಗ್ರಾಮೂ ಹೆಚ್ಚಿಲ್ಲ. ಭಾವ ಇದಕ್ಕೆಲ್ಲ ಹೆದರುವವರೇ? ಹದಿನಾರು ಜೇಬಿನ ಒಂದು ಜಾಕೆಟ್ಟು ತರಿಸಿ ಚಟ್ನಿಪುಡಿ, ಹುರಿದ ಅವಲಕ್ಕಿ, ಕೋಡುಬಳೆ, ಉಪ್ಪಿನಕಾಯಿ ಎಲ್ಲವನ್ನೂ ಜೇಬಿಗಿಳಿಸಿದರು. “ಬ್ಯಾಗಿಗೆ ತಾನೇ ತೂಕ? ಮೈಗೆ ಎಲ್ಲಿದೆ?” ಅಲ್ಲಿ ಹೋಗಿ ನೋಡಿದರೆ, ವಿಮಾನ ಎಷ್ಟು ಪುಟ್ಟದೆಂದರೆ ಬ್ಯಾಗಿನ ಜೊತೆ ಮನುಷ್ಯರನ್ನೂ ತೂಗುತ್ತಾರೆ! ಭಾವ ತಕ್ಕಡಿ ಹತ್ತಿದರು. ಮುಳ್ಳು ಸರ್ರನೆ ತಿರುಗಿತು. ಫಾರಮ್ಮಿನಲ್ಲಿ ಬರೆದುಕೊಟ್ಟಿದ್ದ ತೂಕವನ್ನೂ, ಮುಳ್ಳನ್ನೂ, ಭಾವನ ಮುಖವನ್ನೂ ಪೈಲಟ್ಟು ಮೂರು ಸಲ ನೋಡಿದ. ಜೇಬೊಂದರಿಂದ ಕೋಡುಬಳೆ ಇಣುಕುತ್ತಿತ್ತು. ಕೊನೆಗೆ ಪೈಲಟ್ಟಿಗೇ ನಾಲ್ಕು ಕೋಡುಬಳೆ ಕೊಟ್ಟು ಭಾವ ತೂಕ ಇಳಿಸಿಕೊಂಡರು.

ಕ್ಯಾಂಪಿನಲ್ಲಿ ಟೆಂಟು ಅಂತ ಹೆಸರು, ಒಳಗೆ ನದಿ ನೋಡಿಕೊಂಡು ಮೀಯುವ ತೊಟ್ಟಿ, ಅದರ ಪಕ್ಕ ಹೂವಿನ ಕುಂಡ. ಆದರೆ ಜೀಪು ಹತ್ತಿದ ಕೂಡಲೇ ಗೈಡು ಮೊದಲನೇ ನಿಯಮ ಹೇಳಿದ. ಪ್ರಾಣಿ ಕಂಡಾಗ ಯಾರೂ ಮಾತಾಡಬಾರದು. ತೀರಾ ಬೇಕಾದರೆ ಪಿಸುಮಾತು. ಅಕ್ಕನೂ ನಾನೂ ಮುಖ ಮುಖ ನೋಡಿಕೊಂಡೆವು. ನಮ್ಮ ಭಾವನ ಪಿಸುಮಾತೆಂದರೆ ಮಂಡ್ಯದಲ್ಲಿ ಆಡಿದರೆ ಮದ್ದೂರಿಗೆ ಕೇಳಿಸುತ್ತದೆ.

ಮೊದಲ ಬೆಳಿಗ್ಗೆಯೇ ಮರದ ಮೇಲೊಂದು ಚಿರತೆ. “ನೋಡೇ, ಎಡಗಡೆ, ಆ ಮರ, ಆ ಮರ!” ಎಂದು ಭಾವ ಪಿಸುಗುಟ್ಟಿದರು. ಎಡಗಡೆ ನೂರು ಮರ. ಅಕ್ಕ ತನ್ನ ಸಂದಿನೋಟದಲ್ಲಿ ಒಂದೊಂದೇ ಮರ ಹುಡುಕುವಷ್ಟರಲ್ಲಿ ಚಿರತೆ ಇಳಿದು ಹುಲ್ಲಿನಲ್ಲಿ ಮಾಯ. ನಮ್ಮ ಹಿಂದೆ ಕೂತಿದ್ದ, ತೋಳುದ್ದದ ಕ್ಯಾಮೆರಾದ ಇಂಗ್ಲಿಷ್ ಅಜ್ಜ ಗಂಟಲು ಸರಿಮಾಡಿಕೊಂಡು, “ಸರ್, ದಯವಿಟ್ಟು ಸ್ವಲ್ಪ ಸುಮ್ಮನಿರುತ್ತೀರಾ?” ಎಂದರು. ಚಿರತೆ ಓಡಿದ್ದಕ್ಕೆ ಭಾವನೇ ಕಾರಣ ಎಂಬುದು ಅವರ ಮುಖದಲ್ಲಿ ಬರೆದಿತ್ತು. “ಹೋಗ್ಲಿ ಬಿಡಿ, ಇನ್ನೊಂದು ಬರುತ್ತೆ” ಎಂದಳು ಅಕ್ಕ. ಭಾವ ಆ ದಿನ ಊಟಕ್ಕೆ ಕೂತರೂ ತಟ್ಟೆ ಮುಟ್ಟಲಿಲ್ಲ. ಅವಳಿಗೆ ಇನ್ನೊಂದಕ್ಕೆ ಎಷ್ಟು ದಿನ ಉಳಿದಿದೆ ಎಂಬ ಲೆಕ್ಕ ಅವರ ತಲೆಯಲ್ಲಿ ಓಡುತ್ತಿತ್ತು, ನನಗದು ಗೊತ್ತಾಗುತ್ತಿತ್ತು.

ಮರುದಿನ ಜೀಪು ಹತ್ತುವಾಗ ಭಾವನ ಮುಖ ಅರಳಿತ್ತು. “ಕೇಳೇ, ನೀನೀಗ ನಮ್ಮನೇ ಅಡುಗೆಮನೇಲಿ ಸಿಂಕ್ ಮುಂದೆ ನಿಂತಿದ್ದೀಯ ಅಂದ್ಕೋ. ಆಯ್ತಾ? ಎಡಗಡೆ ಸ್ಟವ್. ಬಲಗಡೆ ಫ್ರಿಜ್. ಬೆನ್ನ ಹಿಂದೆ ಪ್ಯಾಂಟ್ರಿ.” ಅಕ್ಕ ನಕ್ಕಳು. ಆ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಬೇಯಿಸಿದ್ದಾಳೆ, ಅಲ್ಲಿ ಅವಳಿಗೆ ಕಣ್ಣೇ ಬೇಡ.

ಒಂದು ಗಂಟೆಯಾಗಿರಬಹುದು. ಜೀಪು ಗಕ್ಕನೆ ನಿಂತಿತು. ಎಲ್ಲರೂ ಉಸಿರು ಬಿಗಿಹಿಡಿದರು. ಆ ಮೌನದಲ್ಲಿ ಮದ್ದೂರಿಗೆ ಕೇಳಿಸುವ ಪಿಸುಮಾತು: “ಫ್ರಿಜ್ ಮುಂದೆ ಸಿಂಹ ಕಣೇ! ಕೆಳಗಡೆ, ತರಕಾರಿ ಡಬ್ಬದ ಹತ್ರ! ಎರಡು ಅವೆ!” ಉದ್ವೇಗ ಬಂದಾಗ ಭಾವನ ಕನ್ನಡ ತಾನಾಗಿ ಮಂಡ್ಯಕ್ಕೆ ಹೋಗಿಬಿಡುತ್ತದೆ. ಅಕ್ಕ ಫ್ರಿಜ್ಜಿನ ಕಡೆ ತಿರುಗಿ, ತರಕಾರಿ ಡಬ್ಬಕ್ಕೆ ಕಣ್ಣಿಳಿಸಿದಳು. ಸಿಂಹ ಸಿಕ್ಕಿತು! ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡು ಎಷ್ಟೋ ಹೊತ್ತು ಹಾಗೇ ನೋಡುತ್ತಿದ್ದಳು. ಆ ಸಿಂಹಗಳೋ, ಭಾವನ ಗಂಟಲಿಗೆ ಕಿವಿಯನ್ನೂ ಆಡಿಸಲಿಲ್ಲ. ಹಾಗಾದರೆ ಮೊದಲ ದಿನದ ಚಿರತೆ ತನ್ನ ಪಾಡಿಗೆ ತಾನು ಇಳಿದು ಹೋಗಿತ್ತು ಎಂದು ನಾನು ಹಿಂದಿನ ಸೀಟಿಗೆ ಕೇಳಿಸುವಂತೆ ಹೇಳಿದೆ.

ಸಿಂಹಕ್ಕೆ ನಿಮ್ಮ ಭಾಷೆಯಲ್ಲಿ ಫ್ರಿಜ್ ಅನ್ನುತ್ತಾರೆಯೇ ಎಂದು ಗೈಡು ಕೇಳಿದ. ಭಾವ ಕೆಳಗಿಳಿದ ಮೇಲೆ ಜೀಪಿನ ಧೂಳಿನ ಮೇಲೆ ಬೆರಳಲ್ಲಿ ಅಡುಗೆಮನೆಯ ಪ್ಲಾನು ಬರೆದು ತೋರಿಸಿದರು, ಅಕ್ಕನ ಕಣ್ಣಿನ ವಿಷಯವನ್ನೂ ಹೇಳಿದರು. ಅಷ್ಟೇ. ಮರುದಿನದಿಂದ ಗೈಡೇ “ಮೇಡಂ, ಸ್ಟವ್! ಆನೆ!” ಎನ್ನತೊಡಗಿದ. ನೀರಾನೆ ಕಂಡಾಗ “ಡಿಶ್‌ವಾಷರ್!” ಎಂದು ಎಡಗಡೆ ಕೈ ತೋರಿಸಿದ. “ತಪ್ಪು! ಡಿಶ್‌ವಾಷರ್ ಬಲಗಡೆ!” ಎಂದು ಭಾವ ತಿದ್ದಿದರು. ಒಂದೂವರೆ ಟನ್ ತೂಗುವ ಪ್ರಾಣಿ ಕಣ್ಣೆದುರೇ ಬಾಯಿ ತೆರೆದಿದ್ದರೂ ಇವರಿಗೆ ಡಿಶ್‌ವಾಷರ್ ಸರಿಯಾದ ಜಾಗದಲ್ಲಿರಬೇಕು! ನಾಲ್ಕನೇ ದಿನದ ಹೊತ್ತಿಗೆ ಜಿರಾಫೆ ಬಂದಾಗ ಹಿಂದಿನಿಂದ ಕ್ಯಾಮೆರಾ ಅಜ್ಜ ಬಗ್ಗಿ ಮೆಲ್ಲಗೆ ಕೇಳಿದರು. “ಸರ್, ಫ್ರಿಜ್ಜಿನ ಯಾವ ಶೆಲ್ಫು?”

ಸಿಂಹ ಮುಗಿಯಿತು. ಜಲಪಾತ ಬಾಕಿ.

ಜಿಂಬಾಬ್ವೆಯ ಹೋಟೆಲಿನಲ್ಲಿ ಇಳಿದಾಗಲೇ ದೂರದಲ್ಲಿ ಮೋಡದಂಥದ್ದು ಮೇಲೇಳುತ್ತಿತ್ತು. ಅದೇ ಜಲಪಾತದ ತುಂತುರು ಎಂದ ಅಲ್ಲಿನ ಗೈಡು. ಆ ಸೀಮೆಯವರು ಅದಕ್ಕಿಟ್ಟ ಹೆಸರಿನ ಅರ್ಥವೇ ‘ಗುಡುಗುವ ಹೊಗೆ’ ಅಂತೆ. “ಭೇಷ್!” ಎಂದರು ಭಾವ. ಹೊಗೆಯ ಒಳಗೆ ಹೋದವರಿಗೆ ಏನು ಕಂಡೀತು ಅಂತ ನಮ್ಮ ಮೂವರಲ್ಲಿ ಒಬ್ಬರಿಗಾದರೂ ಹೊಳೆಯಬೇಡವೇ?

ಮರುದಿನ ಬೆಳಿಗ್ಗೆ ಎಲ್ಲರಿಗೂ ಮಳೆಕೋಟು ತೊಡಿಸಿ ಒಳಗೆ ಬಿಟ್ಟರು. ಕಾಡಿನ ದಾರಿಯಲ್ಲಿ ನಡೆದು, ಜಲಪಾತ ನೋಡಲೆಂದೇ ಅಲ್ಲಲ್ಲಿ ಕಟ್ಟಿದ ಕಟ್ಟೆಗಳಲ್ಲಿ ಮೊದಲನೆಯದಕ್ಕೆ ಬಂದೆವು. ಎದುರಿಗೆ ಬಿಳಿ. ಬಿಳಿ ಬಿಟ್ಟು ಬೇರೇನೂ ಇಲ್ಲ. ಅಷ್ಟೊಂದು ನೀರು ಬಿದ್ದು, ಪುಡಿಯಾಗಿ ಮೇಲೆದ್ದು, ಜಲಪಾತ ತನ್ನನ್ನು ತಾನೇ ಮುಚ್ಚಿಕೊಂಡಿತ್ತು. “ಇಲ್ಲಿ ಕಾಣಲ್ಲ, ಮುಂದಿನ ಕಟ್ಟೆಯಿಂದ ಚೆನ್ನಾಗಿ ಕಾಣುತ್ತೆ, ಬಾ ಬಾ” ಎಂದು ಭಾವ ಅಕ್ಕನ ಕೈ ಹಿಡಿದು ಓಡಿದರು. ಅಲ್ಲೂ ಬಿಳಿ. “ಅದರ ಮುಂದಿನದು...” ಅಲ್ಲೂ ಅಷ್ಟೇ. ಕ್ಯಾಮೆರಾ ಅಜ್ಜ ತಮ್ಮ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿಬಿಟ್ಟರು. “ಏಪ್ರಿಲ್‌ನಲ್ಲಿ ಹೀಗೇ ಸರ್. ಸೆಪ್ಟೆಂಬರಿನಲ್ಲಿ ಬಂದಿದ್ದರೆ ಪೂರ್ತಿ ಕಾಣುತ್ತಿತ್ತು” ಎಂದ ಗೈಡು.

ಏಳನೇ ಕಟ್ಟೆಯ ಹತ್ತಿರ ನನಗೆ ಏನೋ ಕಡಿಮೆಯಾದಂತೆ ಅನ್ನಿಸಿತು. ಏನೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಭಾವ ಮಾತಾಡುತ್ತಿರಲಿಲ್ಲ! ಮಳೆಕೋಟಿನ ಟೋಪಿಯಿಂದ ನೀರು ಸುರಿಯುತ್ತಾ ಕಂಬಿ ಹಿಡಿದು ನಿಂತಿದ್ದರು. ಇಲ್ಲದ ನೀರಿಗೆ ಅರ್ಧ ಗಂಟೆ ಕಾಮೆಂಟ್ರಿ ಕೊಟ್ಟ ಮನುಷ್ಯನಿಗೆ ಇಷ್ಟೊಂದು ನೀರಿನ ಎದುರು ಒಂದು ಮಾತೂ ಬರಲಿಲ್ಲ.

“ತಪ್ಪು ಮಾಡ್ಬಿಟ್ಟೆ ಕಣೇ” ಎಂದರು ಕೊನೆಗೆ. “ಆ ಹುಡುಗಿ ಹೇಳೋಕೆ ಬಂದಿದ್ಲು. ನಾನೇ ಬಾಯಿ ಮುಚ್ಚಿಸ್ದೆ. ನಿನಗೆ ತೋರಿಸೋಕಾಗ್ಲಿಲ್ಲ.” ಮುಂದಿನ ಸಲ ಬರೋಣ ಎಂದು ಯಾರೂ ಹೇಳಲಿಲ್ಲ. ಮುಂದಿನ ಸಲದ ಹೊತ್ತಿಗೆ ಆ ಸಂದಿ ಎಷ್ಟು ಉಳಿದಿರುತ್ತದೋ ಯಾರಿಗೆ ಗೊತ್ತು? ನನಗೆ ಅಳು ಬಂತು. ಅಲ್ಲಿ ಎಲ್ಲರ ಮುಖವೂ ಒದ್ದೆಯಾಗಿದ್ದರಿಂದ ನನ್ನ ಮರ್ಯಾದೆ ಉಳಿಯಿತು.

ಅಕ್ಕ ಭಾವನ ಕಡೆ ತಿರುಗಿ ಕೇಳಿದಳು. “ರೀ, ನಿಮಗೂ ಏನೂ ಕಾಣ್ತಿಲ್ವಾ?”

“ಇಲ್ಲ ಕಣೇ.”

“ನಿನಗೆ ಕಾಣ್ತಿದ್ಯೇನೇ?”

“ನನಗೂ ಇಲ್ಲ ಅಕ್ಕಾ.”

“ಆ ಕ್ಯಾಮೆರಾ ತಾತನಿಗೆ?”

“ಅವರಿಗೂ ಇಲ್ಲ.”

ಅಕ್ಕ ಗಟ್ಟಿಯಾಗಿ ನಕ್ಕುಬಿಟ್ಟಳು. “ಸದ್ಯ! ಎರಡು ವರ್ಷದಿಂದ ನಾನೊಬ್ಳೇ ಆಗಿದ್ದೆ.” ಆಮೇಲೆ ಭಾವನ ಎರಡೂ ತೋಳು ಹಿಡಿದು, ಮಗುವನ್ನು ತಿರುಗಿಸಿದ ಹಾಗೆ ತಿರುಗಿಸಿ, ನೇರ ನಿಲ್ಲಿಸಿದಳು. “ಬನ್ನಿ, ಸಿಂಕ್ ಮುಂದೆ ನಿಂತ್ಕೊಳ್ಳಿ. ಕಣ್ಣು ಮುಚ್ಚಿ. ಸ್ಟವ್ ಕಡೆ ಕೇಳಿ, ದೊಡ್ಡ ಹಂಡೇಲಿ ನೀರು ಕುದಿಯೋ ಥರ ದಪ್ಪ ಸದ್ದು, ಅಲ್ಲೇ ಜಾಸ್ತಿ ನೀರು ಬೀಳ್ತಿರೋದು. ಫ್ರಿಜ್ ಕಡೆಯಿಂದ ಗಾಳಿ ತಣ್ಣಗೆ ಬರ್ತಿದೆ, ಬಾಗಿಲು ತೆಗೆದಿಟ್ಟ ಹಾಗೆ. ಮಳೆ ನೋಡಿ, ಕೆಳಗಿನಿಂದ ಮೇಲಕ್ಕೆ ಬರ್ತಿದೆ, ಗದ್ದಕ್ಕೆ ಹೊಡೀತಿದೆ. ಪಾದ ಊರಿ ನಿಲ್ಲಿ, ಮಿಕ್ಸಿ ಹಾಕಿದಾಗ ಕಟ್ಟೆ ನಡುಗುತ್ತಲ್ಲ, ಹಾಗೆ ನೆಲ ನಡುಗ್ತಿದೆ...”

“ನನಗೂ ಕಿವಿ ಇದೆ ಕಣೇ, ಕೇಳಿಸುತ್ತೆ” ಎಂದರು ಭಾವ. ಕಣ್ಣು ಮಾತ್ರ ತೆರೆಯಲಿಲ್ಲ.

ಅಕ್ಕ ನಿಲ್ಲಿಸಿದಳೇ? ಮೂವತ್ತು ವರ್ಷದಲ್ಲಿ ಅವಳು ಬೇಡವೆಂದಾಗ ಅವರೇನು ನಿಲ್ಲಿಸಿದ್ದರೇ? ಕಂಬಿಯ ಪಕ್ಕದಲ್ಲೇ ಮುಂದಿನ ಕಟ್ಟೆಯವರೆಗೂ ಹೇಳುತ್ತಲೇ ನಡೆದಳು. ಭಾವ ಅವಳ ಕೈ ಹಿಡಿದು, ಕಣ್ಣು ಮುಚ್ಚಿ, ಬಾಯಿ ಮುಚ್ಚಿ, ಹಿಂದೆಯೇ ನಡೆದರು.