ಬಂದೂಕಿಗೆ ಗವಸಣಿಗೆ ಹೊಲಿದದ್ದು

ಆ ದಿನ ಬೆಳಿಗ್ಗೆಯೂ ನಾನು ಮಾಡಿದ್ದು ದಿನಾ ಮಾಡುವ ಕೆಲಸಗಳನ್ನೇ. ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಎಳೆದೆ. ಹಂಡೆಯ ಒಲೆಗೆ ಉರಿ ಹಾಕಿದೆ. ಆಗಿನ ಇಳಕಲ್ಲಿನಲ್ಲಿ ಓಣಿಯ ತುದಿಯ ಮೊದಲ ಮಗ್ಗ ಲಟಕ್ ಪಟಕ್ ಅಂದರೆ ಬೆಳಗಾಯಿತೆಂದೇ ಅರ್ಥ. ಗಡಿಯಾರ ನೋಡುವ ಕಾರಣವಿರಲಿಲ್ಲ. ಹಿಟ್ಟು ನಾದಿ ರೊಟ್ಟಿ ಬಡಿದೆ, ಅತ್ತೆಯವರ ವಿಭೂತಿಯ ಬಟ್ಟಲು ತುಂಬಿಟ್ಟೆ, ನಮ್ಮ ಮನೆಯವರಿಗೆ ಚಹಾ ಕೊಟ್ಟೆ. ಆಮೇಲೆ ಅತ್ತೆಯವರಿಂದ ಕೀಲಿಕೈ ಇಸಿದುಕೊಂಡು ಕಪಾಟು ತೆರೆದು, ನನ್ನ ಮದುವೆಯ ಸೀರೆಗಳ ಹಿಂದಿನಿಂದ ಬಂದೂಕನ್ನು ಹೊರತೆಗೆದು, ಒಣ ಅರಿವೆಯಿಂದ ಒರೆಸಿ, ಮತ್ತೆ ಅದರ ಗವಸಣಿಗೆಯೊಳಗೆ ಮಲಗಿಸಿದೆ. ಇಷ್ಟು ಸರಾಗವಾಗಿ ಹೇಳುತ್ತಿದ್ದಾಳಲ್ಲ ಎಂದು ನನ್ನನ್ನು ವೀರವನಿತೆ ಎಂದುಕೊಳ್ಳಬೇಡಿ. ಹಲ್ಲಿ ಲೊಚಗುಟ್ಟಿದರೆ ಎದೆ ಹಿಡಿದುಕೊಳ್ಳುವ ಹೆಂಗಸು ನಾನು. ಆದರೆ ನಾಲ್ಕು ತಿಂಗಳು ದಿನಾ ಧೂಳು ಒರೆಸಿದರೆ ಬಂದೂಕೂ ಲಟ್ಟಣಿಗೆಯಷ್ಟೇ ಬಡಪಾಯಿಯಾಗಿ ಕಾಣುತ್ತದೆ.

ಸೀರೆ ವ್ಯಾಪಾರದವರ ಮನೆಗೆ ಬಂದೂಕು ಯಾಕೆ ಬಂತು ಎಂದು ಕೇಳುತ್ತೀರಿ. ನನ್ನಿಂದಲೇ ಬಂತು. ಧಾರವಾಡದ ಕಾನ್ವೆಂಟಿನಲ್ಲಿ ನಾನು ಗಟ್ಟಿಯಾಗಿ ಕಲಿತದ್ದು ಎರಡೇ ವಿದ್ಯೆ: ಇಂಗ್ಲಿಷ್ ಓದುವುದು ಮತ್ತು ಗವಸಣಿಗೆ ಹೊಲಿಯುವುದು. ಮನೆಯಲ್ಲಿ ಯಾವ ವಸ್ತುವೂ ಬರಿಮೈಯಲ್ಲಿ ಇರಬಾರದು ಎನ್ನುವುದು ನಮ್ಮ ಹೊಲಿಗೆಯ ಸಿಸ್ಟರ್ ಮತ. ಹಾಗಾಗಿ ನಮ್ಮ ರೇಡಿಯೋಕ್ಕೆ, ಟ್ರಂಕಿಗೆ, ನೀರಿನ ಹೂಜಿಗೆ, ಕಡೆಗೆ ಅತ್ತೆಯವರ ಎಲೆಅಡಿಕೆ ಡಬ್ಬಿಗೂ ಕಸೂತಿ ಹಾಕಿದ ಅಂಗಿಗಳಿದ್ದವು. ಆ ಸಿಸ್ಟರ್ ನನ್ನನ್ನು ಮರೆಯದೆ ವರ್ಷಕ್ಕೊಮ್ಮೆ ಹಳೆಯ ಇಂಗ್ಲಿಷ್ ಪತ್ರಿಕೆಗಳ ಕಟ್ಟೊಂದನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅಂಥ ಒಂದು ಕಟ್ಟಿನಲ್ಲಿ ಅಮೇರಿಕದ ಸುದ್ದಿಯೊಂದನ್ನು ಓದಿದೆ. ಅಲ್ಲಿ ಚುನಾವಣೆ ಹತ್ತಿರ ಬಂತೆಂದರೆ ಬಂದೂಕಿನ ಅಂಗಡಿಗಳ ಮುಂದೆ ಜನ ಸಾಲು ನಿಲ್ಲುತ್ತಾರಂತೆ. ‘ಆ ಪಕ್ಷ’ ಗೆದ್ದರೆ ಬಂದೂಕು ಮಾರುವುದನ್ನೇ ನಿಲ್ಲಿಸುತ್ತದೆ, ಇದ್ದದ್ದನ್ನೂ ಕಸಿದುಕೊಳ್ಳುತ್ತದೆ ಎಂಬ ಭಯಕ್ಕೆ ಒಂದಿದ್ದವನು ಎರಡು, ಎರಡಿದ್ದವನು ನಾಲ್ಕು ಕೊಳ್ಳುತ್ತಾನಂತೆ. ಕೊಂಡ ಮೇಲೆ, ನಿನ್ನ ಬಂದೂಕು ಕಾಯುತ್ತೇವೆ ಅನ್ನುವ ಪಕ್ಷಕ್ಕೇ ಜೀವವಿರುವ ತನಕ ಓಟು. ಅಂಗಡಿಯವನು ಮಾತ್ರ ಕಸಿಯುತ್ತೇವೆ ಅನ್ನುವವರ ಫೋಟೋಕ್ಕೆ ಗುಟ್ಟಾಗಿ ಊದಿನಕಡ್ಡಿ ಹಚ್ಚಬೇಕು. ವ್ಯಾಪಾರವೆಲ್ಲ ಅವರ ಪುಣ್ಯದಿಂದಲೇ!

ನಗಿಸೋಣವೆಂದು ಇದನ್ನು ನಮ್ಮ ಮನೆಯವರ ಊಟದ ಹೊತ್ತಿಗೆ ಕನ್ನಡದಲ್ಲಿ ಹೇಳಿದೆ. ಅವರು ನಗಲಿಲ್ಲ. ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, “ಅಲ್ಲ, ಅವರು ಚಂದ್ರಲೋಕಕ್ಕ ಹೋಗಿ ಬಂದ ಮಂದಿ. ಸುಮ್ಮ ಸುಮ್ಮಕ ಬಂದೂಕ ತಗೋತಾರೇನು?” ಎಂದರು. 

ಆಗ ನಮ್ಮಲ್ಲೂ ಚುನಾವಣೆಯ ಮಾತು ಶುರುವಾಗಿತ್ತು. ಅಂಗಡಿಗೆ ಸೀರೆ ನೋಡಲು ಬಂದವರು ಸೀರೆಯ ಜೊತೆಗೆ ಭಯವನ್ನೂ ಬಿಚ್ಚಿ ಹರವಿ ಹೋಗುತ್ತಿದ್ದರು. ನಮ್ಮಲ್ಲಿಯ ‘ಆ ಪಕ್ಷ’ದವರು ಬಂದರೆ ಹೊಲಗಳು ಹೋಗುತ್ತವೆ, ಅಂಗಡಿಗಳಿಗೆ ಕೀಲಿ ಬೀಳುತ್ತದೆ, ಒಂದು ಮನೆಯಲ್ಲಿ ಎರಡು ಎಮ್ಮೆ ಇದ್ದರೆ ಒಂದು ಸರಕಾರದ್ದು. ಅಲ್ಲಿಯವರೆಗೆ ನಮ್ಮ ಮನೆಯವರಿಗೆ ಪಕ್ಷ ಅಂತ ಇರಲಿಲ್ಲ. “ಸೀರಿ ಎಲ್ಲಾ ಪಕ್ಷದ ಹೆಣಮಕ್ಕಳೂ ಉಡತಾರ,” ಎನ್ನುತ್ತಿದ್ದರು. ಆದರೆ ಬಂದೂಕಿನ ಲೈಸನ್ಸು ಬೇಕೆಂದರೆ ವಿಜಾಪುರಕ್ಕೆ ಅರ್ಜಿ ಹೋಗಬೇಕು, ಅರ್ಜಿ ಮೇಲೇಳಬೇಕೆಂದರೆ ಯಾರಾದರೂ ಪುಢಾರಿ ಒಂದು ಮಾತು ಹೇಳಬೇಕು. ಮರೋಳದಲ್ಲಿದ್ದ ನಮ್ಮ ಹೊಲಕ್ಕೆ ಕಾಡುಹಂದಿಯ ಕಾಟ ಎಂದು ಬರೆದರು. ಆ ಹೊಲದಲ್ಲಿ ನಾನು ಕಂಡ ಅತಿ ಭಯಂಕರ ಪ್ರಾಣಿಯೆಂದರೆ ಅಳಿಲು. ಪುಢಾರಿ ಮಾತು ಹೇಳಿದರು, ಲೈಸನ್ಸು ಬಂತು, ಅದರ ಬೆನ್ನಿಗೇ ಅವರ ಎಚ್ಚರಿಕೆಯೂ ಬಂತು: “ಸಾವ್ಕಾರ್ರ, ಅವರು ಆರಿಸಿ ಬಂದ್ರಂದ್ರ ಮೊದಲ ನಿಮ್ಮ ಬಂದೂಕ ಕಸಗೋತಾರ ನೋಡ್ರಿ.” ಅಲ್ಲಿಗೆ ಮುಗಿಯಿತು. ಹೊಲದ ಭಯಕ್ಕೆ ಬಂದೂಕು ಬಂದಿತ್ತು. ಬಂದೂಕಿನ ಭಯಕ್ಕೆ ಪಕ್ಷ ಬಂತು. ಸಂಜೆ ಅಂಗಡಿ ಮುಚ್ಚಿ ಮನೆಗೆ ಬರುತ್ತಿದ್ದ ಮನುಷ್ಯ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರತೊಡಗಿದರು.

ಬಂದೂಕು ಹುಬ್ಬಳ್ಳಿಯಿಂದ ಬಂದ ದಿನ ಮಾತ್ರ ಮನೆಯಲ್ಲಿ ಹಬ್ಬವೇ. ದಾರಿಯಲ್ಲಿ ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ಕಟ್ಟಿಸಿಕೊಂಡು ಬಂದಿದ್ದರು. ಅತ್ತೆಯವರು ಅದಕ್ಕೆ ವಿಭೂತಿ ಹಚ್ಚಿ, ಹೂ ಏರಿಸಿ, “ಇದರ ಬಾಯಿ ಯಾವ ಕಡೆ ಐತೋ ತಮ್ಮಾ?” ಎಂದು ಮಗನನ್ನು ಕೇಳಿದರು. ಮಗ ಸ್ವಲ್ಪ ಯೋಚಿಸಿ ತೋರಿಸಿದರು. ಕಪಾಟಿನ ಕೀಲಿಕೈ ಅತ್ತೆಯವರ ಸೊಂಟಕ್ಕೆ ಹೋಯಿತು. ತೋಟಾಗಳು ಅಟ್ಟದ ಮೇಲಿನ ಹಪ್ಪಳದ ಡಬ್ಬಿಗೆ ಹೋದವು. ಅಂದರೆ ವೈರಿ ಬಂದಾಗ ನಾವು ಅವನನ್ನು ಕಟ್ಟೆಯ ಮೇಲೆ ಕೂರಿಸಿ, ಅತ್ತೆಯವರನ್ನು ಎಬ್ಬಿಸಿ, ಹಿತ್ತಲಿಂದ ನಿಚ್ಚಣಿಕೆ ತಂದು, ಹಪ್ಪಳ ಬದಿಗೆ ಸರಿಸಿ, ಆಮೇಲೆ ಯುದ್ಧ ಶುರು ಮಾಡಬೇಕಿತ್ತು. ನಾನಂತೂ ಸಿಸ್ಟರನ್ನು ನೆನೆದು ಒಂದು ಗವಸಣಿಗೆ ಹೊಲಿದೆ. ಇಳಕಲ್ಲ ಸೀರೆಯ ಮಿಕ್ಕಿದ ತುಂಡು, ಅಂಚಿಗೆ ಕಸೂತಿಯ ಗೋಪುರ, ಬಾಯಿಗೆ ಲಾಡಿ.

ನಗುವ ಮಾತು ಇಲ್ಲಿಗೆ ಮುಗಿದಿದ್ದರೆ ಒಳ್ಳೆಯದಿತ್ತು. ನಮ್ಮ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ಒಂದು ಗೋಡೆ, ಗೋಡೆಯಲ್ಲಿ ಬಗ್ಗಿ ಹೋಗಬೇಕಾದಂಥ ಒಂದು ಚಿಕ್ಕ ಬಾಗಿಲು. ಆಚೆ ಇದ್ದವರು ಗೌರಕ್ಕ. ನಾನು ಮದುವೆಯಾಗಿ ಬಂದ ಹೊಸತರಲ್ಲಿ, ನನ್ನ ಧಾರವಾಡದ ಕಾನ್ವೆಂಟ್ ಕನ್ನಡಕ್ಕೆ ಓಣಿಯೆಲ್ಲ ನಗುತ್ತಿದ್ದಾಗ, ಆ ಬಾಗಿಲಿನಿಂದ ಬಗ್ಗಿ ಬಂದು ರೊಟ್ಟಿ ಬಡಿಯುವುದನ್ನು ಕಲಿಸಿದವರು. ಅವರು ತಾಯಿಯಲ್ಲ, ಅಕ್ಕನಲ್ಲ. ಮಧ್ಯಾಹ್ನದ ಎರಡು ತಾಸು ನನಗೆ ಅವರೇ ತವರುಮನೆ. ಅವರ ಯಜಮಾನರು ಮಲ್ಲಪ್ಪನವರು, ಕಲ್ಲಿನ ಕ್ವಾರಿಯವರು, ಅಪ್ಪನ ಕಾಲದಿಂದಲೂ ‘ಆ ಪಕ್ಷ’ದವರು. ಬಂದೂಕು ಬಂದ ಮರುದಿನ ನಮ್ಮ ಮನೆಯವರು, “ಆ ಬಾಗಿಲಾ ಹಾಕಿಬಿಡು. ಬಂದೂಕ ಎಲ್ಲಿಟ್ಟೀವಿ ಅನ್ನೂದು ಅವರ ಮನಿಗೆ ತಿಳೀಬಾರದು,” ಎಂದರು. ನಾನು ಕೈಯಾರೆ ಚಿಲಕ ಹಾಕಿದೆ. ಗೌರಕ್ಕ ಎರಡು ಸಲ ಬಾಗಿಲು ಬಡಿದರು. ನಾನು ಉಸಿರು ಹಿಡಿದು ನಿಂತೆ. ಆಮೇಲೆ ಬಡಿಯಲಿಲ್ಲ.

ನಾಲ್ಕು ತಿಂಗಳು! ಗೋಡೆಯಾಚೆ ಅವರು ಸೇಂಗಾ ಸುಲಿಯುವ ಸದ್ದು, ಕೆಮ್ಮು, ಬಳೆ, ಬೆಕ್ಕಿಗೆ ಬೈಯುವುದು ಎಲ್ಲ ಕೇಳುತ್ತಿತ್ತು. ನಾನು ಅರಿವೆ ಒಣಹಾಕುವ ನೆವದಿಂದ ಗೋಡೆಗೆ ಕಿವಿಗೊಟ್ಟು ನಿಲ್ಲುತ್ತಿದ್ದೆ. ಆ ದಿನ ಬೆಳಿಗ್ಗೆ ಚಹಾ ಕುಡಿಯುತ್ತ ನಮ್ಮ ಮನೆಯವರು ಹೇಳಿದ್ದು ಏನು ಗೊತ್ತೇ? “ನಾಳೆ ಗೌಂಡಿ ಬರ್ತಾನ. ಆ ಬಾಗಿಲಾ ಕಿತ್ತು ಕಲ್ಲ ಕಟ್ಟಿಸಿಬಿಡೂಣು.” ನಾನು ಹ್ಞೂಂ ಅಂದೆ. ಅಂದು ಒಳಗೆ ಬಂದು ಬಂದೂಕು ಒರೆಸಿದೆ.

ಆದರೆ ಆ ದಿನ ಒರೆಸಿದ್ದು ಬರೀ ಧೂಳಿಗಲ್ಲ, ಬಂದೂಕು ಮನೆಯಿಂದ ಹೊರಡುವುದಿತ್ತು. ಹಿಂದಿನ ದಿನ ಪೊಲೀಸ್ ಠಾಣೆಯಿಂದ ಹೇಳಿಕಳಿಸಿದ್ದರು: ಚುನಾವಣೆ ಮುಗಿಯುವ ತನಕ ಲೈಸನ್ಸಿನ ಬಂದೂಕುಗಳನ್ನೆಲ್ಲ ಠಾಣೆಯಲ್ಲಿ ಜಮಾ ಮಾಡಬೇಕು. ನಮ್ಮ ಮನೆಯವರು ನಂಬಲೇ ಇಲ್ಲ. “ಚುನಾವಣಿ ಸಲುವಾಗಿ ತಗೊಂಡದ್ದು! ಚುನಾವಣಿಗೇ ಇರೂದಿಲ್ಲಂದ್ರ?” ಮಳೆಗಾಲ ಮುಗಿಯುವವರೆಗೆ ಛತ್ರಿಗಳನ್ನೆಲ್ಲ ಸರಕಾರ ಕೂಡಿಟ್ಟುಕೊಂಡ ಹಾಗಾಗಿತ್ತು. ಈ ನಿಯಮ ಹೊಸದಲ್ಲವಂತೆ, ಬಂದೂಕಿದ್ದವರಿಗೆಲ್ಲ ಗೊತ್ತಿತ್ತಂತೆ. ಅಮೇರಿಕದವರನ್ನು ನೋಡಿ ಕೊಂಡವರಿಗೆ ಹೇಗೆ ಗೊತ್ತಾಗಬೇಕು?

ಪೇಟೆಯೊಳಗೆ ಒಬ್ಬರೇ ಬಂದೂಕು ಹಿಡಿದು ಹೋಗಲು ಅವರಿಗೆ ನಾಚಿಕೆ. “ನೀನೂ ಬಾ. ಗಂಡಾ ಹೆಂಡತಿ ಎಲ್ಲ್ಯೋ ಊರಿಗೆ ಹೊಂಟಂಗ ಕಾಣತೈತಿ,” ಎಂದರು. ಟಾಂಗಾದಲ್ಲಿ ಗವಸಣಿಗೆ ತೊಟ್ಟ ಬಂದೂಕನ್ನು ನಮ್ಮಿಬ್ಬರ ನಡುವೆ ಕೂಸಿನ ಹಾಗೆ ಒರಗಿಸಿಕೊಂಡು ಹೊರಟೆವು. ಬಸ್‌ಸ್ಟ್ಯಾಂಡಿನ ಹತ್ತಿರ ಬಾಳೆಹಣ್ಣಿನವಳು, “ತಂಬೂರಿ ಭಾಳ ಚಂದೈತ್ರಿ ಅಕ್ಕಾರ, ಭಜನಿ ಯಾವೂರಾಗ?” ಎಂದು ಕೇಳಿದಳು. ನಮ್ಮ ಮನೆಯವರು ತಡವರಿಸದೆ “ಹುನಗುಂದ” ಎಂದರು.

ಠಾಣೆಯ ಗೋಡೆಗೆ ಸಾಲಾಗಿ ಬಂದೂಕುಗಳನ್ನು ಆನಿಸಿಟ್ಟಿದ್ದರು. ಒಂದೊಂದರ ಕುತ್ತಿಗೆಗೂ ರಟ್ಟಿನ ಚೀಟಿ. ಬಾಕಿನ ಮೇಲೆ ಗೋಣಿಚೀಲದಲ್ಲಿ ಸುತ್ತಿದ ಉದ್ದನೆಯದೊಂದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತವರು ಮಲ್ಲಪ್ಪನವರು! ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಒಬ್ಬರ ಕೈಯೊಳಗಿನದನ್ನು ಇನ್ನೊಬ್ಬರು ನೋಡಿದರು. ನಮ್ಮ ಮನೆಯವರೇ ಮೊದಲು ಬಾಯಿ ಬಿಟ್ಟರು.

“ಹಂದಿ ಕಾಟರಿ, ಮರೋಳದ ಹೊಲದಾಗ.”

“ನಮಗೂ ಹಂದೀದ ತ್ರಾಸರಿ.”

ಬರೆದುಕೊಳ್ಳುತ್ತಿದ್ದ ಹವಾಲ್ದಾರರು ತಲೆ ಎತ್ತಿದರು. “ಮಲ್ಲಪ್ಪನವರ, ನಿಮ್ಮದು ಕ್ವಾರಿ. ಹಂದಿ ಬಂದು ಕಲ್ಲ ತಿಂತಾವೇನ್ರಿ?”

ಠಾಣೆಯಲ್ಲಿ ಇದ್ದಬದ್ದವರೆಲ್ಲ ನಕ್ಕರು. ಗೋಡೆಯ ಹತ್ತಿರ ಜಾಗ ಸಾಲದೆ ಹವಾಲ್ದಾರರು ನಮ್ಮದನ್ನೂ ಅವರದನ್ನೂ ಕೂಡಿಸಿ ಒಂದೇ ಹಗ್ಗದಲ್ಲಿ ಬಿಗಿದರು. ನಮ್ಮ ಮನೆಯವರು ಗಾಬರಿಯಾಗಿ, “ಸಾಹೇಬ್ರ, ಎರಡೂ ಕೂಡೇ ಕಟ್ಟಬ್ಯಾಡ್ರಿ, ಬ್ಯಾರೆ ಬ್ಯಾರೆ ಪಕ್ಷ,” ಎಂದುಬಿಟ್ಟರು.

“ಇರ್ಲಿ ಬಿಡ್ರಿ. ಮಾತಾಡೂದಿಲ್ಲ ಅವು,” ಎಂದರು ಹವಾಲ್ದಾರರು.

ತಿರುಗಿ ಬರುವಾಗ ಬಾಗಿಲಲ್ಲಿ ಇದ್ದದ್ದು ನಮ್ಮ ಟಾಂಗಾ ಒಂದೇ. ಬಿಸಿಲು ನೆತ್ತಿಗೆ ಬಂದಿತ್ತು. ನಮ್ಮ ಮನೆಯವರು ಎರಡು ಹೆಜ್ಜೆ ಹೋದವರು ತಿರುಗಿ, “ಬರ್ರಿ ಮಲ್ಲಪ್ಪನವರ, ಹತ್ರಿ,” ಎಂದರು. ಅರ್ಧ ದಾರಿ ಕುದುರೆಯದ್ದೇ ಸದ್ದು. ಆಮೇಲೆ ಮಲ್ಲಪ್ಪನವರು ರಸ್ತೆ ನೋಡುತ್ತಲೇ ಹೇಳಿದರು: “ಖರೆ ಹೇಳ್ತೇನ್ರಿ ಸಾವ್ಕಾರ್ರ. ನೀವು ತಗೊಂಡ್ರಿ ಅಂತ ಸುದ್ದಿ ಬಂತು. ನಮ್ಮ ಪುಢಾರಿ, ನಿಮ್ಮ ಮಗ್ಗಲ ಮನ್ಯಾಗನ ಬಂದೂಕ ಬಂತಲ್ಲೋ, ನೀ ಏನ ಸೀರಿ ಉಟಗೊಂಡು ಕುಂತೀ ಅಂದ. ಅರ್ಜಿ ಕೊಟ್ಟೆ.” ನಮ್ಮ ಮನೆಯವರು, “ನಿಮಗ ಹಿಡಿಯಾಕ ಬರತೈತೇನ್ರಿ?” ಎಂದು ಕೇಳಿದರು. “ಇಲ್ರಿ. ನಿಮಗ?” “ನನಗೂ ಇಲ್ರಿ.” ಟಾಂಗಾ ನಮ್ಮ ಓಣಿಗೆ ಹೊರಳುವ ಹೊತ್ತಿಗೆ ಇಬ್ಬರೂ ತಂತಮ್ಮ ಪುಢಾರಿಗಳನ್ನು ಬೈಯುವುದರಲ್ಲಿ ಒಂದೇ ಪಕ್ಷದವರಾಗಿದ್ದರು. ಇಳಿಯುವಾಗ ನಮ್ಮ ಮನೆಯವರು ನನ್ನ ಮುಖ ನೋಡದೆ, “ಗೌಂಡಿ ನಾಳೆ ಬ್ಯಾಡ ಅಂತ ಹೇಳಿ ಕಳಸ್ತೇನಿ. ಬಿಸಲ ಭಾಳ ಐತಿ,” ಎಂದರು.

ಸಂಜೆ ದೀಪ ಹಚ್ಚುವ ಮೊದಲು ಹಿತ್ತಲಿಗೆ ಹೋದೆ. ಚಿಲಕ ತುಕ್ಕು ಹಿಡಿದು ಜಗ್ಗಿದರೆ ಬರಲೊಲ್ಲದು. ಸೆರಗಿನಿಂದ ಹಿಡಿದು ಎಳೆದೆ. ಬಗ್ಗಿ ಆಚೆ ಹೋದರೆ ಗೌರಕ್ಕ ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಾರೆ. ಅದೇ ಕನ್ನಡಕ, ಅದೇ ಬೆಕ್ಕು. ನಾನು ನಾಲ್ಕು ತಿಂಗಳಿಂದ ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದ ಭಾಷಣ ಶುರುಮಾಡಿದೆ: ಪಕ್ಷಗಳು, ಪುಢಾರಿಗಳು, ಬಂದೂಕು, ಗಂಡಸರ ಹಟ, ಅಮೇರಿಕವೂ ನಡುವೆ ಬಂತು. ಅಳುವೂ ಬಂತು. ಗೌರಕ್ಕ ಮೊರದಿಂದ ತಲೆ ಎತ್ತಿ ಕೇಳಿದರು.

“ಇದಕ್ಕೇನ ಬಾಗಿಲಾ ಹಾಕಿದ್ದಿ? ನಾ ಏನ ತಿಳಕೊಂಡಿದ್ನೆವಾ, ಕಾನ್ವೆಂಟ್ ಕಲತಾಕಿ, ಈ ಮುದುಕೀದ ಹಾಳ ಹರಟಿ ಬ್ಯಾಸರಾಗಿರಬೇಕು ಅಂತ.”

“ಅಯ್ಯ ಗೌರಕ್ಕ! ಅವರು ಹಾಕು ಅಂದರು, ಬಂದೂಕು ತಂದವರೂ ಅವರೇ. ನಾನೇನು ಮಾಡಲಿ?”

ಅವರು ಜೋಳದಲ್ಲಿ ಸಿಕ್ಕ ಒಂದು ಹರಳನ್ನು ಹಿತ್ತಲಿಗೆ ಚಿಮ್ಮಿ, ಮತ್ತೆ ಮೊರಕ್ಕೆ ಬಗ್ಗಿದರು.

“ಬಂದೂಕ ಅವರ ಕಡೆ ಇತ್ತು, ಖರೆ. ಚಿಲಕ ನಿನ್ನ ಕಡೆ ಇತ್ತಲ್ಲವಾ.”