ಮರುಭೂಮಿಯಲ್ಲೊಂದು ಪಾರ್ಕಿಂಗ್

ಜಗನ್ನಾಥನಿಗೆ ಈ ಲೋಕದಲ್ಲಿ ಸಹಿಸಲಾಗದ್ದು ಒಂದೇ: ಓರೆಯಾಗಿ ನಿಂತ ಗಾಡಿ. ನೆರೂಳಿನ ಅವನ ಸೊಸೈಟಿಯಲ್ಲಿ ಎರಡು ಕಂಬಗಳ ನಡುವೆ ಅವನ ಕಾರಿಗೆ ಸಿಕ್ಕ ಜಾಗ ಎಷ್ಟು ಇಕ್ಕಟ್ಟೆಂದರೆ, ನಿಲ್ಲಿಸಿದ ಮೇಲೆ ಹೊಟ್ಟೆಯನ್ನು ಒಳಗೆಳೆದುಕೊಂಡೇ ಹೊರಗೆ ಜಾರಬೇಕು. ಹದಿನಾಲ್ಕು ವರ್ಷ ಹಾಗೆ ಜಾರಿ ಜಾರಿ ಅದೊಂದು ವ್ರತವೇ ಆಗಿಹೋಗಿತ್ತು. ಮುಂದೆ, ಹಿಂದೆ, ಮತ್ತೆ ಮುಂದೆ, ಮತ್ತೆ ಹಿಂದೆ. ಹಳದಿ ಗೆರೆಗೂ ಚಕ್ರಕ್ಕೂ ನಡುವೆ ಎರಡೂ ಕಡೆ ಸಮಸಮ ಉಳಿದರೆ ಮಾತ್ರ ಅವನಿಗೆ ಊಟ ಸೇರುತ್ತಿತ್ತು.

ಹೆಂಡತಿ ಅಲಮೇಲುವಿನದು ಬೇರೆಯೇ ಸಂಕಟ, ಉಸಿರಿನದು. ಪಕ್ಕದ ಹಳೇ ಕಟ್ಟಡ ಕೆಡವಲು ಶುರುಮಾಡಿ ಎಂಟು ತಿಂಗಳಾಗಿತ್ತು. ಧೂಳು ತಾಗಿದರೆ ಸಾಕು, ಅವಳ ಎದೆಯೊಳಗೆ ಯಾರೋ ಹಾರ್ಮೋನಿಯಂ ಒತ್ತಿದಂತೆ ಸುಯ್ಯೆನ್ನುತ್ತಿತ್ತು. ಕಿಟಕಿ ಬಂದ್, ಬಾಲ್ಕನಿ ಬಂದ್. ಮೈಸೂರು ಬಿಟ್ಟು ಬಂದ ಮೇಲೂ ಅವಳು ಉಳಿಸಿಕೊಂಡಿದ್ದ ಒಂದೇ ಒಂದು ಸುಖ, ಬೆಳಗ್ಗೆ ಬಾಲ್ಕನಿಯಲ್ಲಿ ಕೂತು ಕಾಫಿ ಕುಡಿಯುವುದು, ಅದೂ ಬಂದ್. ಜಗನ್ನಾಥ ಮಾತ್ರ ದಿನಾ ಬೂಟು ಏರಿಸಿಕೊಂಡು, "ಒಳಗೇ ಇರು, ಆರಾಮಾಗಿ" ಎಂದು ಹೇಳಿ ಲೋಕಲ್ ರೈಲು ಹಿಡಿಯಲು ಓಡುತ್ತಿದ್ದ. (ಒಳಗೇ ಇರುವುದಕ್ಕೂ ಆರಾಮಕ್ಕೂ ಏನು ಸಂಬಂಧವೆಂದು ಅವನು ಯೋಚಿಸಿರಲಿಲ್ಲ.)

ಒಂದು ಭಾನುವಾರ ಅಲಮೇಲು ಮುಚ್ಚಿದ ಗಾಜಿಗೆ ಹಣೆ ಒತ್ತಿಕೊಂಡು ಹೇಳಿದಳು: "ರೀ, ಒಂದೇ ಒಂದು ಲೋಟ ಕಾಫಿ ಬಯಲಲ್ಲಿ ಕೂತು ಕುಡೀಬೇಕು. ಮೂಗಿಗೆ ಮಾಸ್ಕ್ ಇಲ್ಲದೆ."

ಜಗನ್ನಾಥ ಎದ್ದು ನಿಂತ. "ಕುಡಿಸೇಬಿಡ್ತೀನಿ! ಕ್ಯಾರವಾನ್ ಬಾಡಿಗೆಗೆ ತಗೊಂಡು ಕಚ್ಛಿನ ಮರುಭೂಮಿಗೆ ಹೋಗೋಣ. ಗಾಡಿಯೊಳಗೇ ಮಂಚ, ಒಲೆ, ಬಚ್ಚಲು. ಹೋಟೆಲ್ ಬೇಡ, ಕರೆಂಟ್ ಬೇಡ, ನಲ್ಲಿ ಬೇಡ."

"ನಲ್ಲಿ ಇಲ್ಲದೆ ಬದುಕೋದನ್ನ ನೀರು ಬರದ ದಿನ ಇಲ್ಲೇ ಮಾಡ್ತೀವಲ್ಲ. ಅದಿರ್ಲಿ, ಧೂಳಿಗೆ ಹೆದರಿ ಮರುಭೂಮಿಗೆ ಹೊರಟೋರನ್ನ ನಾನಂತೂ ನೋಡಿಲ್ಲ."

"ಜಾಗ ಆರಿಸೋದೇ ಒಂದು ಶಾಸ್ತ್ರ ಕಣೇ!"

ಶಾಸ್ತ್ರಾಧ್ಯಯನ ಎರಡು ವಾರ ನಡೆಯಿತು. ಔಷಧಿ ಜೊತೆಗಿರಲಿ, ಧೂಳೆದ್ದರೆ ಒಳಗೆ ಸೇರಿಕೊಳ್ಳಿ ಎಂದು ಡಾಕ್ಟರೂ ಒಪ್ಪಿದರು. ನೋಟ್‌ಬುಕ್ಕು ತುಂಬಿದ ಮೇಲೆ ಜಗನ್ನಾಥ ಅದನ್ನು ಹಣಮಂತ್ರಾಯನಿಗೆ ತೋರಿಸಿದ. ರಾಯಚೂರು ಕಡೆಯ ಈ ಹಣಮಂತ್ರಾಯ ಪಕ್ಕದ ಕಟ್ಟಡ ಕೆಡವುವವರ ಮೇಲ್ವಿಚಾರಕ, ಮುಕಾದಮ. ಅಲಮೇಲು ಕೇಳಿಕೊಂಡಳೆಂದು ದಿನಕ್ಕೆರಡು ಸಲ ಇಟ್ಟಿಗೆ ರಾಶಿಗೆ ಪೈಪಿನಿಂದ ನೀರು ಹೊಡೆಸುತ್ತಿದ್ದವನು.

"ಸಾಹೇಬ್ರ, ನೀವು ಬರ್ದಿದ್ದು ನನಗೇನ್ ತಿಳೀತದ್ರಿ? ಒಂದ್ ಮಾತು ಹೇಳ್ತೀನಿ. ಒಣ ನೆಲದ ಮ್ಯಾಲ ಹಪ್ಪಳದಂಗ ಒಂದು ಹೆಪ್ಪು ಇರ್ತದ. ಧೂಳೆಲ್ಲಾ ಅದರ ತೆಳಗ ಮಲಗಿರ್ತದ. ಗಾಡಿ ಒಮ್ಮೆ ಒಳಗ, ಒಮ್ಮೆ ಹೊರಗ. ನಡುವ ಎಬ್ಬಿಸಬ್ಯಾಡ್ರಿ."

"ಎಬ್ಬಿಸಿದ್ರೆ?"

"ನಾ ಇಲ್ಲಿ ಏನ್ ಮಾಡ್ಲಿಕತ್ತೀನಿ, ನೀವು ಅಲ್ಲಿ ಅದನ್ನಽ ಮಾಡಿದಂಗ."

ಜಗನ್ನಾಥ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆದುಕೊಂಡ: ಹಪ್ಪಳ ಮುರಿಯಕೂಡದು.

ಎರಡು ದಿನದ ಪ್ರಯಾಣ. ಜೊತೆಗೆ ಮಗಳು ಪ್ರಕೃತಿ; ನೆರೂಳಲ್ಲೇ ಹುಟ್ಟಿ ಬೆಳೆದವಳು, ಕನ್ನಡದಲ್ಲಿ ಬೈಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುವವಳು. ಬೆಳ್ಳಗೆ ಹರಡಿದ್ದ ಉಪ್ಪಿನ ಬಯಲು ಕಂಡು ಅವಳು "ಪಪ್ಪಾ, ಯಹೀಂ!" ಎಂದು ಅಲ್ಲೇ ನಿಲ್ಲಿಸಲು ಹೇಳಿದಳು. ಜಗನ್ನಾಥ ತಲೆಯಾಡಿಸಿದ: ಗಾಳಿ ಬಂದರೆ ಇಲ್ಲಿ ಪೌಡರ್ ಡಬ್ಬಿ ಬಾಯಿ ತೆರೆದಂತೆ. ಬತ್ತಿದ ಹಳ್ಳದಲ್ಲಿ ನೆರಳಿತ್ತು. ಅಲ್ಲಿ ಕೂತ ಮೆಕ್ಕಲು ಗೋಪಿಚಂದನಕ್ಕಿಂತ ನಯ, ಮೇಲೆಲ್ಲೋ ಮಳೆಯಾದರೆ ನೀರೂ ಬರಬಹುದು, ಬೇಡ. ಮೂರನೆಯದು ಲಾರಿ ರಸ್ತೆಯಿಂದ ಗಾಳಿ ಬೀಸುವ ಕಡೆಗೇ ಇತ್ತು. ಕಿಟಕಿ ಏರಿಸಿ ಮುಂದಕ್ಕೆ. ಕೊನೆಗೆ ಊರಿನವರನ್ನು ಕೇಳಿ, ಸಂಜೆಗೆ ಮುಂಚೆ ಒಂದು ಕಡೆ ನಿಲ್ಲಿಸಿದ. ಪಶ್ಚಿಮಕ್ಕೆ ನೊರಜುಗಲ್ಲಿನ ಸಣ್ಣ ದಿಬ್ಬ, ಅದರ ಪಕ್ಕ ಜಾಲಿಯ ಪೊದೆ, ಮುಂದೆ ಬಿರುಸಾದ ನೆಲ. ಟಿಶ್ಯೂ ಕಾಗದದ ಎಳೆಯೊಂದನ್ನು ಎತ್ತಿ ಹಿಡಿದು ಗಾಳಿಯ ದಿಕ್ಕು ನೋಡಿದ. ದಿಬ್ಬದಿಂದ ಗಾಡಿಯ ಕಡೆಗೆ. ಸರ್ವಲಕ್ಷಣ ಸಂಪನ್ನ ಸ್ಥಳ!

ಅಲಮೇಲು ದಿಬ್ಬ ಹತ್ತಿ, ಮಾಸ್ಕನ್ನು ನಿಧಾನವಾಗಿ ಗದ್ದಕ್ಕಿಳಿಸಿ ಒಂದು ಉಸಿರು ಎಳೆದಳು. ಇನ್ನೊಂದು. ಹಾರ್ಮೋನಿಯಂ ಸದ್ದಿಲ್ಲ.

"ರೀ, ನಾಳೆ ಬೆಳಗ್ಗೆ ಇಲ್ಲೇ ಕಾಫಿ" ಎಂದಳು.

ಜಗನ್ನಾಥ ಅಲ್ಲಿಗೇ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ತಿರುಗಿ ಗಾಡಿ ನೋಡಿದ.

"ಓರೆಯಾಗಿದೆ" ಎಂದ.

ಪ್ರಕೃತಿ ಸುತ್ತಲೂ ನೋಡಿದಳು. ಕಣ್ಣು ಹಾಯುವಷ್ಟು ದೂರ ಕಂಬವಿಲ್ಲ, ಗೆರೆಯಿಲ್ಲ, ಸೊಸೈಟಿಯ ಸೆಕ್ರೆಟರಿಯಿಲ್ಲ. "ಟೇಢೀ? ಕಿಸ್‌ಕೇ ಹಿಸಾಬ್ ಸೇ, ಪಪ್ಪಾ?" ಯಾರ ಲೆಕ್ಕಕ್ಕೆ ಓರೆ ಎಂದು ಅವಳ ಪ್ರಶ್ನೆ.

"ದಿಗಂತದ ಹಿಸಾಬ್ ಸೇ!"

ಹತ್ತಿ ಕೂತವನೇ ಕಿಟಕಿಯಿಂದ ಕತ್ತು ಹೊರಗೆ ಚಾಚಿ ಹಿಂದಕ್ಕೆ ಬಿಟ್ಟ. ಮುಂದಕ್ಕೆ. ಚಕ್ರದ ಕೆಳಗೆ ಹಪ್ಪಳ ಮುರಿದ ಸದ್ದು ಅವನಿಗೆ ಕೇಳಿಸಲಿಲ್ಲ.

"ಸಾಕು ರೀ! ಯಾರ ಜಾಗಕ್ಕೂ ತಾಗಿಲ್ಲ!" ದಿಬ್ಬದ ಮೇಲೆ ಮಾಸ್ಕ್ ಏರಿಸಿಕೊಂಡು ಅಲಮೇಲು ಕೂಗಿದಳು.

"ಇನ್ನೊಂದೇ ಸಲ!"

ಇನ್ನೊಂದೇ ಸಲ ಹನ್ನೊಂದು ಸಲವಾಯಿತು. ಎಷ್ಟೋ ವರ್ಷ ಮಲಗಿದ್ದ ಧೂಳು ಎದ್ದು ಕೂತಿತು, ಎದ್ದು ನಿಂತಿತು, ಆಮೇಲೆ ಗಾಡಿಯನ್ನೂ ಅದರಿಂದ ಚಾಚಿದ್ದ ಕತ್ತನ್ನೂ ಒಂದೇ ಗುಟುಕಿಗೆ ನುಂಗಿತು. ಗಾಳಿಗೆ ಬೆನ್ನು ಕೊಟ್ಟು, ಕಲ್ಲಿನ ದಿಬ್ಬದ ಮೇಲೆ, ಎಂದರೆ ಶಾಸ್ತ್ರದ ಪ್ರಕಾರವೇ ನಿಂತಿದ್ದ ತಾಯಿಮಗಳಿಗೆ ಒಂದು ಕಣವೂ ತಾಗಲಿಲ್ಲ. ಹಿಟ್ಟಿನ ಗಿರಣಿಯಿಂದ ಎದ್ದು ಬಂದವನಂತೆ ಇಳಿದ ಜಗನ್ನಾಥ ಏನೋ ಹೇಳಲು ಬಾಯಿ ತೆರೆದ. ಬಂದದ್ದು ಕೆಮ್ಮು.

ಎಂಟು ತಿಂಗಳ ಅನುಭವ ಅಲಮೇಲುವಿನದು. ಗದ್ದಲ ಮಾಡಲಿಲ್ಲ. ಧೂಳು ಕೂರುವವರೆಗೆ ಅವನನ್ನು ದಿಬ್ಬದ ಮೇಲೇ ನಿಲ್ಲಿಸಿ, ಮುಖ ತೊಳೆಸಿ, ಬಾಯಿ ಮುಕ್ಕಳಿಸಲು ನೀರು ಕೊಟ್ಟಳು. ಗಾಡಿಯೊಳಗನ್ನು ಪ್ರಕೃತಿಯಿಂದ ಒದ್ದೆ ಬಟ್ಟೆಯಲ್ಲಿ ಒರೆಸಿಸಿದಳು, ಪೊರಕೆ ಮುಟ್ಟಗೊಡಲಿಲ್ಲ. ಅವನ ಮೂಗಿಗೆ ಮಾಸ್ಕ್ ಏರಿಸಿ ಮಂಚದ ಮೇಲೆ ಕೂರಿಸಿ, ಕಿಟಕಿ ಭದ್ರ ಮಾಡಿದಳು.

ಬೆಳಗಾಯಿತು. ಕೆಮ್ಮು ಇಳಿದಿತ್ತು, ಗಂಟಲು ಇನ್ನೂ ಕೆರೆಯುತ್ತಿತ್ತು. ಡಿಕಾಕ್ಷನ್ನಿನ ವಾಸನೆ ಮಾಸ್ಕಿನೊಳಗೂ ಬಂತು.

"ನಾನೂ ಬರ್ತೀನಿ ಕಣೇ."

"ಬೇಡ. ಬಾಗಿಲ ಮುಂದೆ ನೀವು ಮಾಡಿಟ್ಟಿರೋ ಪುಡಿ ಹಾಗೇ ಇದೆ. ಒಳಗೇ ಇರಿ, ಆರಾಮಾಗಿ."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಅದಕ್ಕೇ ಅದು ಚುಚ್ಚಿತು. ಅವಳು ಹೊರಗಿನಿಂದ ಬಾಗಿಲು ಎಳೆದುಕೊಂಡು, ಕಾಲೆತ್ತಿಟ್ಟು ದಿಬ್ಬ ಹತ್ತಿದಳು. ಕುರ್ಚಿಯನ್ನು ಎಳೆಯಲಿಲ್ಲ, ಎತ್ತಿ ಇಟ್ಟಳು. ಮಾಸ್ಕ್ ತೆಗೆದು ಮಡಿಲಲ್ಲಿಟ್ಟುಕೊಂಡು ಮೊದಲ ಗುಟುಕು ಕುಡಿದು ಕಣ್ಣು ಮುಚ್ಚಿದಳು.

ಜಗನ್ನಾಥ ಗಾಜಿಗೆ ಹಣೆ ಒತ್ತಿಕೊಂಡು ನೋಡಿದ. ಗಾಜು ತಣ್ಣಗಿತ್ತು. ಒಂದು ಬೆಳಗಿಗೇ ತನಗೆ ಹೀಗಾದರೆ, ಎಂಟು ತಿಂಗಳು? ಲೆಕ್ಕ ಬಲ್ಲ ಅವನ ತಲೆ ಅಲ್ಲಿಗೆ ನಿಂತಿತು.

ಆದರೆ ಕಣ್ಣು ಕಣ್ಣೇ. ಅದು ಮೆಲ್ಲಗೆ ಕೆಳಗಿಳಿದು ಮುಂದಿನ ಚಕ್ರದ ಮೇಲೆ ನಿಂತಿತು. ಅವನು ಗಾಜು ತಟ್ಟಿದ. ಉಸಿರು ಕಟ್ಟಿತೇನೋ ಎಂದು ಅಲಮೇಲು ಲೋಟ ಕೆಳಗಿಟ್ಟು ಓಡಿಬಂದಳು.

"ಏನ್ರೀ? ಏನಾಯ್ತು?"

ಜಗನ್ನಾಥ ಮಾಸ್ಕಿನೊಳಗಿಂದಲೇ, ಬೆರಳು ತೋರಿಸಿ, ಬಹಳ ಸಣ್ಣ ದನಿಯಲ್ಲಿ ಹೇಳಿದ: "ಎಡಗಡೆ... ಎರಡೇ ಎರಡು ಬೆರಳು ಓರೆ..."

ಅಲಮೇಲು ಸ್ವೆಟರಿನ ಜೇಬಿನಿಂದ ಗಾಡಿಯ ಕೀಲಿ ತೆಗೆದು ಗಾಜಿಗೆ ಹಿಡಿದು ತೋರಿಸಿದಳು, ಮತ್ತೆ ಜೇಬಿಗಿಟ್ಟುಕೊಂಡಳು, ದಿಬ್ಬಕ್ಕೆ ವಾಪಸು ಹೋಗಿ ಎರಡನೆಯ ಲೋಟ ಬಗ್ಗಿಸಿಕೊಂಡಳು.